ಆಳಿಲ್ಲದ ನೌಕೆ, ಆದವಾನಿ ಬಸ್ಸು

ನಾನು ಆಂಧ್ರದ ಗಡಿಯ ಆಲೂರಿನ ಒಂದು ಖಾಸಗಿ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಇದ್ದದ್ದನ್ನು ಇದ್ದಂತೆ ಹೇಳುವುದಷ್ಟೇ ನನ್ನ ಅಭ್ಯಾಸ. ನಮ್ಮ ಕಡೆ ನಗೆಪಾಟಲಾಗಲು ಅಷ್ಟೇ ಸಾಕು.

ಈ ಸಲ ಆದವಾನಿಯ ವಿಜ್ಞಾನ ಪ್ರದರ್ಶನಕ್ಕೆ ಹಾಲಿನ ಕ್ಯಾನಿನಷ್ಟು ಎತ್ತರದ ಮಾದರಿ ಮಾಡಿದೆ: ಬಾಹ್ಯಾಕಾಶ ನಿಲ್ದಾಣಕ್ಕೆ ಊಟ, ನೀರು, ಸಾಮಾನು ಒಯ್ಯುವ ನೌಕೆ. ಒಳಗೆ ಮನುಷ್ಯರಿರುವುದಿಲ್ಲ, ತಾನೇ ಹೋಗಿ ನಿಲ್ದಾಣಕ್ಕೆ ಕೂಡಿಕೊಳ್ಳುತ್ತದೆ. ಹೆಡ್‌ಮಾಸ್ತರರು ಮೊದಲೇ ಹೇಳಿದ್ದರು: "ಬಹುಮಾನ ಬಂದ್ರ ಮುಂದಿನ ವರ್ಷನೂ ನಿಮ್ಮ ನೌಕರಿ ಐತ್ರಿ. ಬರಲಿಲ್ಲಂದ್ರ..." ಮುಂದಿನದನ್ನು ಚಹಾದ ಜತೆ ನುಂಗಿದರು.

೧. ಶಾಲು ಯಾರಿಗೆ?

ನೌಕೆಯನ್ನು ಬೀಳ್ಕೊಡಲು ಊರಿನ ಮುಖಂಡರೊಬ್ಬರು ಶಾಲು ಹಿಡಿದು ಬಂದರು.

"ಇದರಾಗ ಹೋಗಾವ ಯಾರು?"

"ಯಾರೂ ಇಲ್ಲ ಸಾರ್."

"ನಡೆಸಾವ?"

"ಅವನೂ ಇಲ್ಲ."

"ಮತ್ತ ಶಾಲು ಯಾರಿಗೆ ಹಾಕಲಿ?"

ಶಾಲು ಹಾಕದೆ ಮರಳುವ ರೂಢಿ ಅವರಿಗಿಲ್ಲ. ಫೋಟೋದವನೂ ಕಾಯುತ್ತಿದ್ದ. ಕೊನೆಗೆ ನೌಕೆಗೇ ಹೊದಿಸಿದರು. ಸೌರಫಲಕಗಳೆರಡೂ ಮುಚ್ಚಿಹೋದವು. "ನೋಡ್ರಿ, ಈಗ ದೊಡ್ಡ ಮನುಷ್ಯಾರಂಗ ಕಾಣ್ತೈತಿ" ಎಂದು ನೌಕೆಗೆ ಕೈಮುಗಿದು, ಓಟು ಕೇಳುವ ನಗೆ ನಕ್ಕರು.

೨. ಊಟದ ಚರ್ಚೆ

ಸರಕಿನ ಕೋಣೆಯಲ್ಲಿ ಒಣ ಊಟದ ಪೊಟ್ಟಣ ಇಟ್ಟಿದ್ದೆ. ಶಾಲೆಯ ಆಯಾ ಮೂಸಿ ನೋಡಿದಳು.

"ಇದನ್ನ ತಿಂತಾರಾ? ಪಾಪ. ಉಗ್ಗಾಣಿ-ಬಜ್ಜಿ ಕಳಿಸಪ್ಪ."

"ಅಲ್ಲಿ ತೂಕ ಇರಂಗಿಲ್ಲ ಅವ್ವ. ಉಗ್ಗಾಣಿಯ ಮಂಡಕ್ಕಿ ತೇಲಾಡಿ ಯಂತ್ರದೊಳಗ ಹೊಕ್ಕಾವ."

"ಹಂಗಾರ ಬಾಯಿ ಮುಚ್ಕೊಂಡು ತಿನ್ನಾಕ ಹೇಳು. ಅಷ್ಟು ಓದಿದವ್ರಿಗೆ ಅದೂ ಬರಂಗಿಲ್ಲೇನು?"

ಹೀಗೆನ್ನುತ್ತಲೇ ಆಕೆ ನೌಕೆಯ ಮೂತಿಗೆ ಕುಂಕುಮ ಹಚ್ಚಿ, ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದಳು. "ಮ್ಯಾಲ ಎಷ್ಟು ಮಂದಿ ಕಣ್ಣು ಬೀಳ್ತಾವೋ!"

೩. ಕಿಟಕಿ ಸೀಟು

ನಮ್ಮಲ್ಲಿ ಆದವಾನಿಗೆ ಬುತ್ತಿ ಮುಟ್ಟಿಸಲು ಯಾರೂ ಹೋಗುವುದಿಲ್ಲ. ಬಸ್ಸಿನ ಡ್ರೈವರ್ ಕೈಗೆ ಕೊಟ್ಟು ಫೋನ್ ಮಾಡಿದರಾಯಿತು. ಅಲ್ಲಿಯವರು ಸ್ಟ್ಯಾಂಡಿನಲ್ಲಿ ಇಳಿಸಿಕೊಳ್ಳುತ್ತಾರೆ. ಹೆಡ್‌ಮಾಸ್ತರರು ನನಗೂ ಅದನ್ನೇ ಹೇಳಿದರು. "ನೀವು ಮುಂದ ಹೋಗಿ ಟೇಬಲ್ ಹಿಡೀರಿ. ಇದಕ್ಕ ಆಳು ಬ್ಯಾಡ ಅಂತ ನೀವೇ ಹೇಳೀರಲ್ಲ? ಹಿಂದ ಬರೋ ಬಸ್ಸಿಗೆ ತಾನ ಬರ್ತೈತಿ."

ಆದವಾನಿ ಸ್ಟ್ಯಾಂಡಿನಲ್ಲಿ ಕಾದಿದ್ದು, ಆ ಎರಡನೆಯ ಬಸ್ಸು ನಿಂತ ಕೂಡಲೇ ಡ್ರೈವರನ್ನು ಕೇಳಿದೆ, "ಪಾರ್ಸೆಲ್?"

"ಪಾರ್ಸೆಲ್ ಲೇದು, ಇಲ್ಲ ಸಾರ್. ಸ್ವಾಮಿ ಬಂದಾನ."

ನೌಕೆ ಕಿಟಕಿ ಸೀಟಿನಲ್ಲಿ ಕುಳಿತಿತ್ತು. ಶಾಲು, ಕುಂಕುಮ, ನಿಂಬೆಹಣ್ಣು ನೋಡಿ, ಯಾವುದೋ ಊರಿನ ದೇವರು ಹೊರಟಿದೆ ಎಂದುಕೊಂಡ ಜನ ಸೀಟು ಬಿಟ್ಟು, ದಾರಿಯುದ್ದಕ್ಕೂ ನಿಂತು ಬಂದಿದ್ದರು.

ಪ್ರದರ್ಶನದಲ್ಲಿ ತೀರ್ಪುಗಾರರು ಸರಕಿನ ಬಾಗಿಲು ತೆರೆದರು. ನನ್ನ ಪೊಟ್ಟಣದ ಮೇಲೆ ತೆಂಗಿನ ಹೋಳು, ಬಾಳೆಹಣ್ಣು, ಬಸ್ಸಿನಲ್ಲಿ ಯಾರೋ ಎಡೆ ಇಟ್ಟ, ಇನ್ನೂ ಬಿಸಿಯಾರದ ಉಗ್ಗಾಣಿ-ಬಜ್ಜಿ. ಬೆಳಗಿನಿಂದ ಮಾದರಿಗಳನ್ನು ನೋಡಿ ನೋಡಿ ಅವರು ಹಸಿದಿದ್ದರು.

"ಉಳಿದವ್ರು ಬರೀ ಬಾಯಾಗ ಹೇಳಿದ್ರು. ನಿಮ್ಮದೊಂದೇ ಖರೇನ ಊಟ ತಂದೈತಿ" ಎಂದು, ನಾನು ಬಾಯಿ ತೆರೆಯುವ ಮೊದಲೇ, ಬಜ್ಜಿ ಕಚ್ಚುತ್ತ ಮೊದಲ ಬಹುಮಾನ ಘೋಷಿಸಿದರು.

ಹೆಡ್‌ಮಾಸ್ತರರಿಗೆ ಫೋನ್ ಮಾಡಿ ಎಲ್ಲವನ್ನೂ ಇದ್ದಂತೆ ಹೇಳಿದೆ. ಮುಂದಿನ ವರ್ಷದ ನೌಕರಿಯ ಮಾತನ್ನೂ ನೆನಪಿಸಿದೆ.

"ಅದನ್ನ ವಿಚಾರ ಮಾಡಾಕತ್ತೀನ್ರಿ" ಎಂದರು. "ಜತೀಗೆ ಯಾರೂ ಬರಲಿಲ್ಲ, ಯಾರೂ ಒಂದು ಮಾತು ಹೇಳಲಿಲ್ಲ. ತಾನ ಹೋತು, ತಾನ ಗೆದ್ದಿತು. ಮತ್ತ ಸೈನ್ಸಿಗೆ ಒಬ್ಬ ಆಳು ಯಾಕ ಬೇಕು?"