ಹುಡುಗನ ತೋರಿಸಲು ಹೋಗಿ ರೌಡಿಯ ತೋರಿಸಿದ್ದು

ನಮ್ಮ ವಂಶದಲ್ಲಿ ಡಿಗ್ರಿ ಮುಗಿಸಿದ ಮೊದಲ ವ್ಯಕ್ತಿ ನಾನು. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಸುಳ್ಳೇಕೆ, ಜಂಬಕ್ಕೇ ಹೇಳುತ್ತಿದ್ದೇನೆ! ಸಖರಾಯಪಟ್ಟಣದ ಪಕ್ಕದ ನಮ್ಮ ಹಳ್ಳಿಯಿಂದ ಮೂರು ವರ್ಷ ಬಸ್ಸಿನಲ್ಲಿ ಜೋತಾಡಿಕೊಂಡು ಕಡೂರಿಗೆ ಹೋಗಿ ಬಿ.ಎ. ಮಾಡಿದ್ದೇನೆ. ಅದರಲ್ಲೂ ಪತ್ರಿಕೋದ್ಯಮ ತೆಗೆದುಕೊಂಡು! ಕ್ಯಾಮೆರಾ ಎಲ್ಲಿಟ್ಟರೆ ಏನರ್ಥ, ಯಾವ ಬಣ್ಣಕ್ಕೆ ಯಾವ ಭಾವ, ನೆರಳು ಏನು ಹೇಳುತ್ತದೆ, ಎಲ್ಲವನ್ನೂ ನೋಟ್ಸ್ ಬರೆದು, ಬಾಯಿಪಾಠ ಮಾಡಿ ಪಾಸಾದವಳು.

ಆದ್ದರಿಂದ ನನ್ನ ತಮ್ಮ ಲೋಕೇಶನ ವಿಡಿಯೋ ಬೇಕೆಂದು ಶಿವನಿ ಊರಿನ ಹೆಣ್ಣಿನ ಕಡೆಯವರು ಕೇಳಿದಾಗ, ಆ ಹೊಣೆಯನ್ನು ನಾನೇ ಹೊತ್ತುಕೊಂಡೆ. ಹುಡುಗಿ ನೇತ್ರಾಗೆ ಬಿ.ಎಡ್. ಪರೀಕ್ಷೆ. ಮುಗಿದ ಮೇಲೆ ಹುಡುಗ ಬರಬಹುದು, ಅಲ್ಲಿಯವರೆಗೆ ಅವಳ ಅಜ್ಜಿ ಒಮ್ಮೆ ನೋಡಬೇಕಂತೆ. ಇಷ್ಟೇ ವಿಷಯ.

ಇಷ್ಟೇ ಅಂದೆನಲ್ಲ, ಅವ್ವನಿಗೆ ಇದು ಇಷ್ಟೇ ಆಗಿರಲಿಲ್ಲ. ಮೊದಲೇ ಎರಡು ಸಂಬಂಧ ಕೈತಪ್ಪಿದ್ದವು. ಹೆಣ್ಣಿನ ಮನೆಯಲ್ಲಿ ಕೂತರೆ ಲೋಕೇಶ ಉಪ್ಪಿಟ್ಟಿನ ತಟ್ಟೆ ಬಿಟ್ಟು ಬೇರೇನನ್ನೂ ನೋಡುವುದಿಲ್ಲ. ಆದರೆ ನೇತ್ರಾಳ ಫೋಟೋವನ್ನು ಮಾತ್ರ ದಿನಕ್ಕೆ ನಾಲ್ಕು ಸಲ ನೋಡುತ್ತಿದ್ದ.

"ಈ ಸಲ ಏನಾರ ಎಡವಟ್ಟಾದ್ರೆ ನಾನ್ ತಡ್ಕಳಾಕಾಗಲ್ಲ ಕಣೇ ಸುಮಾ" ಅಂದಳು ಅವ್ವ.

"ಓದಿದೋಳು ನಾನಿದೀನಿ, ಸುಮ್ನಿರವ್ವ!" ಅಂದೆ.

ತೋಟದಲ್ಲಿ ಚಿತ್ರೀಕರಣ. "ಮನೆ ಮುಂದೆ ನಿಂತು ನಮಸ್ಕಾರ ಅಂದ್ರೆ ಸಾಕಲ್ವಾ ಅಕ್ಕಾ?" ಅಂದ ಲೋಕೇಶ.

"ಅದು ಆಧಾರ್ ಕಾರ್ಡ್ ಫೋಟೋ ಕಣೋ. ಇದು ದೃಶ್ಯಭಾಷೆ!"

ನೋಟ್ಸಿನ ಪ್ರಕಾರ, ಕೆಳಗಿನಿಂದ ತೆಗೆದರೆ ಘನತೆ. ಫೋನನ್ನು ತೆಂಗಿನ ಬುಡದಲ್ಲಿ ಒರಗಿಸಿದೆ. ಕೆಂಪು ಉತ್ಸಾಹದ ಬಣ್ಣ. ಕೆಂಪು ಶರ್ಟು ಹಾಕಿಸಿದೆ. ಅರ್ಧ ಮುಖಕ್ಕೆ ನೆರಳು ಬಿದ್ದರೆ ಆಳವಾದ ಮನಸ್ಸು. ಗರಿಯ ನೆರಳಿಗೆ ನಿಲ್ಲಿಸಿದೆ. ಶ್ರಮಜೀವಿ ಎಂದು ತಿಳಿಯಲು ಎಳನೀರು ಕೊಚ್ಚುವ ಮಚ್ಚು ಹೆಗಲ ಮೇಲೆ. ನಿಧಾನಗತಿಯ ನಡಿಗೆ. ಹಿನ್ನೆಲೆಗೆ ಡೋಲು. ಕಳಿಸಿಯೇಬಿಟ್ಟೆ!

ವಾಟ್ಸಾಪಿನಲ್ಲಿ ಎರಡು ನೀಲಿ ಗೆರೆ ಬಿದ್ದವು. ಉತ್ತರವಿಲ್ಲ. ಮಧ್ಯಾಹ್ನವಾಯಿತು, ಉತ್ತರವಿಲ್ಲ. ಅವ್ವ ನನ್ನ ಫೋನಿನ ಮುಂದೆ ಊದುಬತ್ತಿ ಹಚ್ಚುವುದೊಂದು ಬಾಕಿ. ಸಂಜೆ, ಸಂಬಂಧ ತಂದಿದ್ದ ರುದ್ರಣ್ಣಮಾವನ ಫೋನು ಬಂತು.

"ಏನವ್ವಾ ಸುಮಾ, ನಿನ್ ತಮ್ಮನ್ ಮೇಲೆ ಕೇಸೇನಾದ್ರೂ ಐತಾ?"

"ಕೇಸಾ?!"

"ಆ ಅಜ್ಜಿ ವಿಡಿಯೋ ನೋಡಿ ಬಾಗ್ಲು ಹಾಕ್ಕಂಡೈತೆ. ಇವ್ನು ಎಷ್ಟು ಜನಕ್ಕೆ ಮಚ್ಚು ಹಾಕವ್ನೆ ಕೇಳು ಅಂತೈತೆ. ಅಜ್ಜಂಪುರದ ಪೊಲೀಸ್ ಸ್ಟೇಷನ್ನಾಗೆ ವಿಚಾರಿಸ್ತಾವ್ರಂತೆ!"

ಅವ್ವ ಕಂಬಕ್ಕೆ ಒರಗಿ ಕುಳಿತಳು. ನಾನು ಧೈರ್ಯಗೆಡಲಿಲ್ಲ. ತಪ್ಪು ಸಂಕೇತವನ್ನು ಸರಿಯಾದ ಸಂಕೇತದಿಂದಲೇ ಸರಿಪಡಿಸಬೇಕು! ಮರುದಿನ ಸಂಜೆ ಲೋಕೇಶನಿಗೆ ಬಿಳಿ ಶರ್ಟು ಹಾಕಿಸಿ ಕೆರೆ ಏರಿಗೆ ಕರೆದೊಯ್ದೆ. ಬಿಳಿ ಎಂದರೆ ಶುದ್ಧ ಮನಸ್ಸು. ಮುಖ ನೋಡಿ ತಾನೇ ಹೆದರಿದ್ದು? ಬೆನ್ನಿನ ಕಡೆಯಿಂದ ತೆಗೆದೆ. ಒಬ್ಬನೇ ನೀರಿನತ್ತ ನೋಡುತ್ತಾ ನಡೆಯುತ್ತಾನೆ. ಶಾಂತಿಗಾಗಿ ಇಡೀ ದೃಶ್ಯಕ್ಕೆ ತಿಳಿನೀಲಿ, ಜೊತೆಗೆ ಕೊಳಲು.

ಈ ಸಲ ಉತ್ತರ ಹತ್ತೇ ನಿಮಿಷದಲ್ಲಿ ಬಂತು. ರುದ್ರಣ್ಣಮಾವ ಏದುಸಿರು ಬಿಡುತ್ತಿದ್ದರು.

"ಲೇ ಸುಮಾ, ಹುಡುಗ ಎಲ್ಲವ್ನೆ? ಮನೇಲವ್ನಾ? ಯಾವಳೋ ಕೈಕೊಟ್ಟವ್ಳೆ, ಹುಡುಗ ಕೆರೆ ಕಡೆ ಹೋಗ್ತಾವ್ನೆ, ಮೊದ್ಲು ಹಿಡ್ಕಳ್ರೋ ಅಂತ ಅಜ್ಜಿ ಬಡ್ಕಂತೈತೆ!"

ಲೋಕೇಶ ಹಿತ್ತಲಲ್ಲಿ ಹಸುವಿಗೆ ಹುಲ್ಲು ಹಾಕುತ್ತಿದ್ದ. ವಿಷಯ ಕೇಳಿ ಹುಲ್ಲಿನ ಹೊರೆಯನ್ನು ಅಲ್ಲೇ ಇಳಿಸಿ ನಿಂತುಬಿಟ್ಟ. ಅವನು ಬೈದಿದ್ದರೆ ಒಳ್ಳೆಯದಿತ್ತು. ನನಗೆ ಅನ್ನ ಸೇರಲಿಲ್ಲ.

ಬೆಳಿಗ್ಗೆ ಕೊನೆಯ ಪ್ರಯತ್ನವೆಂದು, ಅವ್ವ ತಮ್ಮನಿಗೆ ರೊಟ್ಟಿ ಬಡಿಸುವುದು, ಇಬ್ಬರೂ ನಗುವುದು, ಇಷ್ಟನ್ನು ತೆಗೆದೆ. ಕಳಿಸುವ ಧೈರ್ಯವಿರಲಿಲ್ಲ. ಖುದ್ದಾಗಿ ವಿವರಿಸುವುದೇ ಸರಿಯೆಂದು ಕಡೂರಿನಲ್ಲಿ ರೈಲು ಹತ್ತಿ ಶಿವನಿಯಲ್ಲಿ ಇಳಿದೆ.

ಅಜ್ಜಿ ಜಗಲಿಯಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಪಕ್ಕದಲ್ಲಿ ನೇತ್ರಾ, ಕೈಯಲ್ಲಿ ಪುಸ್ತಕ.

"ಬಾರವ್ವ. ಡೈರೆಕ್ಟ್ರು ನೀನೇನಾ?"

ನಾನು ಗಂಟಲು ಸರಿಮಾಡಿಕೊಂಡು ಪಾಠ ಶುರುಮಾಡಿದೆ. "ಅಜ್ಜೀ, ಕೆಳಗಿನಿಂದ ತೆಗೆದದ್ದು ಘನತೆಯ ಸಂಕೇತ..."

"ಘನತೆ ಇರೋನಿಗೆ ಮಚ್ಚ್ಯಾಕವ್ವಾ?"

"ಎಳನೀರು ಕೊಚ್ಚೋಕೆ ಅಜ್ಜಿ."

"ಎಳನೀರೆಲ್ಲಿತ್ತು?"

ಎಳನೀರು ಇತ್ತು. ರಾಶಿಯೇ ಇತ್ತು. ದೃಶ್ಯದ ಅಂದಕ್ಕೆ ಅಡ್ಡಿ ಎಂದು ನಾನೇ ಪಕ್ಕಕ್ಕೆ ತಳ್ಳಿದ್ದೆ!

"ನಂಗೆ ಓದಾಕೆ ಬರಲ್ಲ ಕಣವ್ವ. ಆದ್ರೆ ಇಪ್ಪತ್ತು ವರ್ಷದಿಂದ ಧಾರಾವಾಹಿ ನೋಡ್ತಾವ್ನಿ. ಕೆಳಗಿಂದ ಹಿಡಿದ್ರೆ ಕೇಡಿ. ಹಿಂದಿಂದ ಹಿಡಿದ್ರೆ ಲವ್ ಫೇಲು. ನೀಲಿ ಬಣ್ಣ ಬಂದ್ರೆ ಯಾರೋ ಸಾಯ್ತಾರೆ. ಇದು ಸಣ್ಣ ಮಕ್ಳಿಗೂ ಗೊತ್ತು!"

ಮೂರನೆಯ ವಿಡಿಯೋ ತೋರಿಸಿದೆ. ಅಜ್ಜಿ ಕಣ್ಣು ಕಿರಿದು ಮಾಡಿ ನೋಡಿದರು.

"ತಾಯಿ ಮಗ ಇಷ್ಟೊಂದು ನಗ್ತಾವ್ರೆ ಅಂದ್ರೆ, ಮುಂದ್ಲ ಸೀನಾಗೆ ಲಾರಿ ಬತ್ತದೆ."

ಮುಗಿಯಿತು. ಮೂರು ವರ್ಷದ ಡಿಗ್ರಿ ಜಗಲಿಯ ಮೇಲೆ ಮಕಾಡೆ ಮಲಗಿತು.

ಅಷ್ಟರಲ್ಲಿ ನೇತ್ರಾ ಫೋನು ಇಸಿದುಕೊಂಡು, "ಅಕ್ಕಾ, ಮುಂದೆ ಇನ್ನೊಂದೈತಲ್ಲ, ಇದೇನು?" ಅಂದಳು. ನನಗೇ ಗೊತ್ತಿರಲಿಲ್ಲ! ರೊಟ್ಟಿ ದೃಶ್ಯ ಮುಗಿದ ಮೇಲೆ ಆಫ್ ಮಾಡಲು ಹೋಗಿ ಮತ್ತೆ ಆನ್ ಮಾಡಿಬಿಟ್ಟಿದ್ದೆ. ಫೋನು ಕೈಯಲ್ಲಿ ನೇತಾಡುತ್ತಿದೆ. ಕಾಣುವುದು ನನ್ನ ಚಪ್ಪಲಿ, ಒಂದಿಷ್ಟು ಸಗಣಿ, ಲೋಕೇಶನ ಶರ್ಟಿನ ತುದಿ ಜಗಿಯುತ್ತಿರುವ ಕರು. ಧ್ವನಿ ಮಾತ್ರ ಸ್ಪಷ್ಟ.

"ತಿನ್ನವ್ವಾ, ತಿನ್ನು, ಅಕ್ಕ ಬೇರೆ ಕೊಡಿಸ್ತಾಳೆ" ಅನ್ನುತ್ತಾನೆ ಕರುವಿಗೆ. ಆಮೇಲೆ, ಬೆಳಿಗ್ಗೆ ನಾನು ಕಿವಿಗೇ ಹಾಕಿಕೊಳ್ಳದಿದ್ದ ಮಾತು, ಸಣ್ಣ ದನಿಯಲ್ಲಿ, "ಅಕ್ಕಾ, ಅವಳು ಬಿ.ಎಡ್. ಓದ್ತಾವ್ಳೆ. ನಾನು ಪಿಯುಸಿ ಫೇಲು. ಹಂಗಂತ ಹೇಳ್ಬುಡು ಅವ್ರಿಗೆ, ಮುಚ್ಚಿಡ್ಬ್ಯಾಡ. ಆಮೇಲೂ ಒಪ್ಪಿದ್ರೆ ಒಪ್ಲಿ."

ನೇತ್ರಾ ಅದನ್ನು ಮತ್ತೊಮ್ಮೆ ಹಾಕಿದಳು. ಕರು ಬರುವಲ್ಲಿ ನಕ್ಕಳು, ಕೊನೆಗೆ ನಗಲಿಲ್ಲ.

"ಅಜ್ಜೀ, ಪರೀಕ್ಷೆ ಮುಗಿಯೋತನಕ ಯಾಕೆ? ಭಾನುವಾರಾನೇ ಬರಾಕೇಳು" ಅಂದಳು.

ಅಜ್ಜಿ ನನ್ನತ್ತ ತಿರುಗಿ, "ಇದನ್ ತೆಗ್ದಿದ್ದು ಯಾರವ್ವಾ? ಬಲು ಚೆನ್ನಾಗೈತೆ" ಅಂದರು.

ನಾನೇ ಎಂದು ಹೇಳಲು ಬಾಯಿ ಬರಲಿಲ್ಲ. ತೆಗೆದದ್ದು ನಾನಲ್ಲವಲ್ಲ, ನನ್ನ ಹೆಬ್ಬೆರಳು!

ಭಾನುವಾರ ಲೋಕೇಶ ಉಪ್ಪಿಟ್ಟಿನ ತಟ್ಟೆ ಬಿಟ್ಟು ತಲೆ ಎತ್ತಿದ. ಮದುವೆ ನಿಶ್ಚಯವಾಯಿತು. ಅಜ್ಜಿಯದು ಒಂದೇ ಷರತ್ತು: ಹುಡುಗನ ಅಕ್ಕ ಆ ದಿನ ಕ್ಯಾಮೆರಾ ಮುಟ್ಟಬಾರದು. ಹಾಗಾಗಿ ಮಂಟಪದ ಬಾಗಿಲಲ್ಲಿ ಬಂದವರಿಗೆಲ್ಲ ತಾಂಬೂಲ ಕೊಡುವ ಕೆಲಸ ನನಗೆ ವಹಿಸಿದ್ದಾರೆ. ಮನೆಮಗಳಿಗೆ ಸಿಗುವ ಗೌರವ ಎಂದುಕೊಂಡು ಬೀಗುತ್ತಿದ್ದೆ. ಆಮೇಲೆ ರುದ್ರಣ್ಣಮಾವ ಹೇಳಿದರು, ಅವಳ ಎರಡೂ ಕೈಗೆ ಕೆಲಸ ಇರಲಿ ಅಂತ ಅಜ್ಜಿಯೇ ಹೇಳಿಕಳಿಸಿದ್ದಂತೆ!