ಎಂಟಿಲ್ಲದ ಸಂಖ್ಯೆಗೆ ನಾನು ಕೊಟ್ಟ ಎಂಟು

ಮೊಮ್ಮಗಳ ಮಾನ ಕಳೆದದ್ದು ಗಣಿತವಲ್ಲ, ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ; ಸುತ್ತಿ ಬಳಸಿ ಹೇಳಹೊರಟರೆ ಕೊನೆಗೆ ನನ್ನದೇನೂ ತಪ್ಪಿಲ್ಲ ಎಂದು ನನಗೇ ಅನ್ನಿಸಿಬಿಡುತ್ತದೆ. ಸೊಸೆ ಕಟ್ಟಿದ ಮಾಲೆ, ಪಕ್ಕದ ಮನೆಯ ರಂಗೋಲಿ, ಎಲ್ಲವನ್ನೂ ತಿದ್ದಿದವಳು ನಾನು. ತಿದ್ದು ಎಂದು ಯಾರೂ ಕೇಳಿದ್ದಿಲ್ಲ.

ನಾವಿರುವುದು ಹರಿಹರದಲ್ಲಿ. ಮೊಮ್ಮಗಳು ಸುಮಾ ಏಳನೇ ತರಗತಿ. ದಿನಾ ಬಸ್ಸಿನಲ್ಲಿ ದಾವಣಗೆರೆಯ ವಿದ್ಯಾನಗರಕ್ಕೆ ಹೋಗುತ್ತಾಳೆ. ಅವಳ ಶಾಲೆಯಲ್ಲಿ ಎರಡು ದಿನದ ಗಣಿತ ಪ್ರದರ್ಶನವಿತ್ತು. ಚೆನ್ನಾಗಿ ಮಾಡಿದವರನ್ನು ಜಿಲ್ಲಾ ಮಟ್ಟಕ್ಕೆ ಕಳಿಸುತ್ತಾರಂತೆ. ತಿಂಗಳಿಂದ ಅವಳಿಗೆ ಅದೇ ಜಪ. ಹಿಂದಿನ ಸಂಜೆ ಡ್ರಾಯಿಂಗ್ ಹಾಳೆಯ ಮೇಲೆ ದೊಡ್ಡದಾಗಿ 12345679 ಎಂದು ಬರೆದು, ಒಣಗಲು ಬಿಟ್ಟು ಹಾಲು ತರಲು ಹೋದಳು. ನೋಡುತ್ತೇನೆ, ಏಳಾದ ಮೇಲೆ ಒಂಬತ್ತು! ನಾನು ಮೂರನೇ ತರಗತಿಯವರೆಗೆ ಓದಿದವಳು. ನಮ್ಮ ಕಾಲದ ಮೇಷ್ಟ್ರು ಎಣಿಕೆಯಲ್ಲಿ ಎಂಟು ಬಿಟ್ಟರೆ ಎಂಟು ಏಟು ಕೊಡುತ್ತಿದ್ದರು. ಪಾಪ, ಕೂಸು ಅವಸರದಲ್ಲಿ ಬಿಟ್ಟಿದೆ ಎಂದುಕೊಂಡು, ಅವಳದೇ ಪೆನ್ನಿನಿಂದ ನಡುವೆ ಒಂದು ಎಂಟನ್ನು ತೂರಿಸಿದೆ. ಅಂದವಾಗಿಯೇ ಬಂತು. ಹಾಳೆ ಸುತ್ತಿ ದಾರವನ್ನೂ ಕಟ್ಟಿಟ್ಟೆ.

ಮರುದಿನ ಸಂಜೆ ಸುಮಾ ಬಂದವಳೇ ಚೀಲ ಎಸೆದಳು.

"ಎಂಟು ಯಾರಜ್ಜಿ ಬರೆದಿದ್ದು?"

"ನಾನ. ನೀನು ಬಿಟ್ಟಿದ್ಯಲ್ಲವ್ವ."

"ಅದು ಅಲ್ಲಿ ಇರಬಾರ್ದು ಅಜ್ಜಿ! ಎಂಟಿಲ್ದಂಗೆ ಒಂಬತ್ತರಿಂದ ಗುಣಿಸಿದ್ರೆ ಬರೀ ಒಂದು ಬರ್ತಾವೆ. ನಲವತ್ತೈದರಿಂದ ಗುಣಿಸಿದ್ರೆ ಬರೀ ಐದು. ಹಾಳೆ ಬೇರೆಯವರು ಕಟ್ಟಿದ್ರು, ನನ್ನ ಬೆನ್ನ ಹಿಂದೆ ನೇತಾಡ್ತಿತ್ತು. ಮೇಷ್ಟ್ರು ಅದನ್ನ ನೋಡ್ಕಂಡು ಮೊಬೈಲಲ್ಲಿ ಗುಣಿಸಿದ್ರು. ಐದುಗಳ ನಡುವೆ ಸೊನ್ನೆ ಬಂತು! 'ಸಂಖ್ಯೇನೇ ನೆಟ್ಟಗೆ ಬರೆಯಾಕ ಬರಲ್ಲ, ನೀನ್ಯಾವ ಜಿಲ್ಲೆಗೆ ಹೋಗ್ತಿ' ಅಂದ್ರು."

ನಾನು ನಂಬಲಿಲ್ಲ. ಎಂಟನ್ನು ಹೊರಗಿಟ್ಟು ಯಾವ ಸಂಖ್ಯೆ ಉದ್ಧಾರವಾದೀತು? ಸೀಮೆಸುಣ್ಣ ಹಿಡಿದು ಅಂಗಳದಲ್ಲಿ ಕೂತೆ. ಒಂಬತ್ತೊಂಬತ್ಲೆ ಎಂಬತ್ತೊಂದು: ಒಂದು ಬರೆದೆ, ಕೈಯಲ್ಲಿ ಎಂಟು. ಒಂಬತ್ತೇಳ್ಲೆ ಅರವತ್ಮೂರು, ಕೈಯ ಎಂಟು ಸೇರಿ ಎಪ್ಪತ್ತೊಂದು: ಮತ್ತೆ ಒಂದು, ಕೈಯಲ್ಲಿ ಏಳು. ಆಮೇಲೆ ಕೈಯಲ್ಲಿ ಆರು, ಐದು, ನಾಲ್ಕು. ಕೆಳಗೆ ಒಂದು, ಒಂದು, ಒಂದು. ಕಾಣೆಯಾದ ಎಂಟು ಮೊದಲ ಹೆಜ್ಜೆಯಲ್ಲೇ ಕೈಗೆ ಬಂದು ಉಳಿದವರನ್ನೆಲ್ಲ ಸಾಲಾಗಿ ನಿಲ್ಲಿಸಿತ್ತು. ನಾನು ಮಾಡಿದ್ದು, ಬಡಿಸುವವಳನ್ನೇ ಪಂಕ್ತಿಯಲ್ಲಿ ಕೂರಿಸಿದ್ದು. ಇನ್ನು ಬಡಿಸುವವರ್ಯಾರು?

ಮರುದಿನ ಬೆಳಿಗ್ಗೆ ಸುಮಾಳ ಜೊತೆ ನಾನೂ ಬಸ್ಸು ಹತ್ತಿದೆ. ಶಾಲೆಯಲ್ಲಿ ಮೇಷ್ಟ್ರು "ಕೂಡ್ರಿ ಅಜ್ಜಿ" ಎಂದರೂ ಕೂರಲಿಲ್ಲ.

"ಎಂಟು ಹಾಕಿದೋಳು ನಾನ್ರಿ. ಹುಡುಗಿದೇನೂ ತಪ್ಪಿಲ್ಲ. ಅದನ್ನ ತೆಗೆದು ಇನ್ನೊಮ್ಮೆ ಗುಣಿಸ್ರಿ."

ಗುಣಿಸಿದರು. ಒಂಬತ್ತು ಐದುಗಳು ಸಾಲಾಗಿ ಬಂದವು. ನಕ್ಕು, ಜಿಲ್ಲೆಯ ಪಟ್ಟಿಯಲ್ಲಿ ಸುಮಾಳ ಹೆಸರು ಬರೆದುಕೊಂಡರು. ನಾನು ಅಷ್ಟಕ್ಕೇ ಹೊರಡಬೇಕಿತ್ತು. ಆದರೆ ಪಕ್ಕದ ಮೇಜಿನ ಹಾಳೆಯಲ್ಲಿ 1, 1, 2, 3, 5, 8, 13 ಎಂದಿತ್ತು. ಒಂದು ಎರಡು ಸಲ, ನಾಲ್ಕು ನಾಪತ್ತೆ, ಆರೇಳರ ಸುಳಿವೇ ಇಲ್ಲ. ಈ ಸಲ ಮುಟ್ಟುವ ಮೊದಲು ಅಲ್ಲಿದ್ದ ಹುಡುಗಿಯನ್ನು ಕೇಳಿದೆ. ಹಿಂದಿನ ಎರಡನ್ನು ಕೂಡಿದರೆ ಮುಂದಿನದು ಬರುವ ಗುಟ್ಟನ್ನು ಅವಳು ಹೇಳಿ ಮುಗಿಸುವಷ್ಟರಲ್ಲಿ ಹರಿಹರದ ಎರಡು ಬಸ್ಸು ತಪ್ಪಿದ್ದವು.