ಬಿಳಿ ಅಂಚಿನ ಐವಿಗೆ ಆದ ಚಿಕಿತ್ಸೆ

ಮದುವೆಯಾಗಿ ಇಪ್ಪತ್ತೆರಡು ವರ್ಷ. ನನ್ನ ಹೆಂಡತಿ ಶರಣಬಸಮ್ಮ ಇನ್ನೂ ನನ್ನ ಯಾವ ಮಾತನ್ನೂ ಒಪ್ಪಿಲ್ಲ. ಅವಳ ಅಣ್ಣ ದ್ಯಾಮಣ್ಣ ಕೆಮ್ಮಿದರೂ ಅವಳಿಗೆ ಅದರಲ್ಲೊಂದು ಅರ್ಥ ಕಾಣುತ್ತದೆ. ಆತ ಗಂಗಾವತಿ ಕಡೆ ಮೂವತ್ತು ವರ್ಷ ಭತ್ತ ಬೆಳೆದವ. ನಾನು ಭಾಗ್ಯನಗರದ ಬಡ ಮಾಸ್ತರ. ಹಸಿರೆಂಬುದೆಲ್ಲ ಆತನ ಇಲಾಖೆ. ಒಂದೇ ಒಂದು ವಿಷಯದಲ್ಲಾದರೂ ಆತನನ್ನು ಮಣಿಸಬೇಕೆಂಬುದು ನನ್ನ ಜೀವಮಾನದ ಆಸೆ.

ಹಾಗಾಗಿ ಮುರ್ತುಜಾಸಾಬರ ನರ್ಸರಿಯಿಂದ ಆತ ಕಂಡು ಕೇಳರಿಯದ ಗಿಡವೊಂದನ್ನು ತಂದೆ. ತೂಗುಬುಟ್ಟಿಯಲ್ಲಿ ಐವಿ ಎಂಬ ಗಿಡ್ಡ ಜಾತಿಯ ಬಳ್ಳಿ. ಪುಟ್ಟ ಪುಟ್ಟ ಎಲೆ, ನಡುವೆ ಹಸಿರು, ಸುತ್ತ ಹಾಲಿನಂಥ ಬಿಳಿ ಅಂಚು.

"ಬಿಸಲಿಗೆ ಇಡಬ್ಯಾಡ್ರಿ, ಗೊಬ್ಬರ ಸುರೀಬ್ಯಾಡ್ರಿ. ಬರೇ ಹಸರು ಕುಡಿ ಬಂದ್ರ ಚಿವುಟ್ರಿ, ಇಲ್ಲಾಂದ್ರ ಬಿಳಿ ಹೋಗತೈತಿ" ಎಂದರು ಸಾಬರು.

ಪಡಸಾಲೆಯಲ್ಲಿ ತೂಗುಹಾಕಿ, ಏಪ್ರಿಲ್ ಬಿಸಿಲಿನಲ್ಲಿ ಕೂಲರಿನ ಮುಖವನ್ನೂ ಅದರ ಕಡೆ ತಿರುಗಿಸಿ, ನಾನು ಬೆವರುತ್ತ ಕೂತೆ. (ಈ ತ್ಯಾಗವನ್ನು ಯಾರೂ ದಾಖಲಿಸಿಲ್ಲ.)

ಹತ್ತು ದಿನ ತರಬೇತಿಗೆಂದು ಕುಷ್ಟಗಿಗೆ ಹೋಗಿ ಬಂದೆ. ಬುಟ್ಟಿಯಲ್ಲಿ ಒಂದೇ ಒಂದು ಹಸಿರು ಕುಡಿ ಉಳಿದಿತ್ತು. ಮಣ್ಣಿನ ಮೇಲೆ ಯೂರಿಯಾ ಕಾಳು.

"ಅಣ್ಣ ಬಂದಿದ್ದ. ಅಂಚು ಬೆಳ್ಳಗಾಗೂ ರೋಗ ಹತ್ತೈತಿ, ಭತ್ತಕ್ಕೂ ಹತ್ತತೈತಿ ಅಂತ್ಹೇಳಿ ಎಲ್ಲಾ ಚಿವುಟಿ ಒಗದ. ಪುಣ್ಯಾಕ್ಕ ಒಂದು ಕುಡಿ ಛಲೋ ಇತ್ತು."

"ಅದು ರೋಗ ಅಲ್ಲ ಮಾರಾಯ್ತಿ! ಆ ಬಿಳಿ ಸಲುವಾಗೇ ನಾ ರೊಕ್ಕ ಕೊಟ್ಟಿದ್ದು!"

"ರೊಕ್ಕ ಕೊಟ್ಟು ರೋಗ ತಂದೀರಿ ಅನ್ರಿ."

ಎರಡು ತಿಂಗಳಲ್ಲಿ ಬಳ್ಳಿ ಬುಟ್ಟಿ ತುಂಬಿ ಇಳಿಬಿತ್ತು. ಕಡು ಹಸಿರು, ಬಿಳಿ ಅನ್ನುವುದು ಔಷಧಿಗೂ ಇಲ್ಲ. ದ್ಯಾಮಣ್ಣ ಪ್ರತಿ ಭಾನುವಾರ ಬಂದು ಎಲೆ ಸವರಿ, ಚಹಾ ಕುಡಿದು ಹೋಗುತ್ತಿದ್ದ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಒಂದು ಭಾನುವಾರ ಅಣ್ಣ ತಂಗಿ ಇಬ್ಬರೂ ಇರುವಾಗಲೇ ಸಾಕ್ಷಿ ಹೇಳಲು ಮುರ್ತುಜಾಸಾಬರನ್ನು ಕರೆತಂದೆ.

"ಸಾಬರ, ನೀವು ಕೊಟ್ಟಾಗ ಬಿಳಿ ಅಂಚು ಇತ್ತೋ ಇಲ್ಲೋ?"

"ಇತ್ತಲ್ರಿ."

"ಅದು ರೋಗ ಏನ್ರಿ?"

"ಛೇ, ಛೇ. ಅದರ ಜಾತೀನ ಹಂಗ್ರಿ."

ಹೆಂಡತಿಯ ಮುಖ ಸಣ್ಣದಾಯಿತು. ಆ ಅರ್ಧ ನಿಮಿಷ ನಾನು ಬಹಳ ಸುಖವಾಗಿದ್ದೆ.

ಸಾಬರು ಬಳ್ಳಿಯೊಳಗೆ ಕೈಯಾಡಿಸಿದರು. "ಭಾಳ ಛಲೋ ಬಂದೈತಿ! ಏನ್ ಹಾಕೀರಿ?"

"ಬಿಳೀದೆಲ್ಲಾ ಚಿವುಟೀನಿ. ಮ್ಯಾಲ ಒಂದು ಚಿಟಿಕಿ ಯೂರಿಯಾ" ಎಂದ ದ್ಯಾಮಣ್ಣ.

"ನನ್ನ ಹಂತ್ಯಾಕ ಇನ್ನೂ ಇಪ್ಪತ್ತು ಬುಟ್ಟಿ ಹಂಗ ಕುಂತಾವ್ರಿ. ಬಂದವರೆಲ್ಲಾ ರೋಗ ಹತ್ತೈತಿ ಅಂತ ಬಿಟ್ಟು ಹೋಗ್ತಾರ. ಮಾಸ್ತರ ಒಬ್ರ ಒಯ್ದಿದ್ರು. ಅಣ್ಣಾರ, ಒಂದೀಟು ಬಂದು ನೋಡ್ತೀರೇನ್ರಿ?"

"ಬಿಳಿ ಹೋಗಬಾರದು ಅಂತ ನೀವ ಹೇಳಿದ್ರಲ್ಲ!" ನಾನು ಚೀರಿದೆ.

"ಹೇಳಿದ್ದು ಖರೇರಿ. ಮಾರಾಟನೂ ಆಗಬೇಕಲ್ರಿ."

ಶರಣಬಸಮ್ಮ ಬೈಕಿನ ಕೀಲಿ ತಂದು ನನ್ನ ಕೈಯಲ್ಲಿಟ್ಟಳು. "ಅಣ್ಣನ್ನ ಲಗೂನ ಕರಕೊಂಡು ಹೋಗ್ರಿ, ಬಿಸಲಾಗತೈತಿ."

ನರ್ಸರಿಯಲ್ಲಿ ದ್ಯಾಮಣ್ಣ ಖುರ್ಚಿ ಹಾಕಿಸಿಕೊಂಡು ಕುಳಿತು ಬಿಳಿ ಎಲೆ ತೋರಿಸಿದ; ಚಿವುಟುವ ಕೆಲಸ ನನಗೆ ಬಂತು. ಹದಿನೈದನೇ ಬುಟ್ಟಿ ಮುಗಿಯುವ ಹೊತ್ತಿಗೆ ಆತ ತಂಗಿಗೆ ಫೋನ್ ಹಚ್ಚಿದ.

"ಮಾಸ್ತರಗ ಈಗೀಗ ರೋಗದ ಗುರ್ತು ಹತ್ತಾಕತ್ತೈತವಾ. ಕಲೀತಾರ ಬಿಡು, ಏನೂ ಚಿಂತಿ ಮಾಡಬ್ಯಾಡ."